ಬೇಳೆ ಬೆಂದರೆ ಸಾಲದು

ಹೊಸ ಬೋರ್‌ವೆಲ್‌ನಲ್ಲಿ ನೀರು ಬಿತ್ತೆಂದರೆ ಮನೆಗಳಲ್ಲಿ ನಡೆಯುವ ಪರೀಕ್ಷೆಗಳು ಗೊತ್ತೇ ಇವೆ. ಒಂದು ಗುಟುಕು ಕುಡಿದು ನೋಡುತ್ತಾರೆ. ಸೋಪು ನೊರೆ ಬರುತ್ತದೋ, ಬೇಳೆ ಬೇಗ ಬೇಯುತ್ತದೋ ಎಂದು ನೋಡುತ್ತಾರೆ. ಇಷ್ಟರಲ್ಲಿ ಪಾಸಾದರೆ ಅದು ಸಿಹಿನೀರು. ಆದರೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಈ ಬಿರುದನ್ನು ತುಸು ಅನುಮಾನದಿಂದಲೇ ನೋಡಬೇಕು.

ಕಾರಣ ಅಲ್ಲಿನ ಬಂಡೆಯಲ್ಲಿದೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕಪ್ಪು ಅಭ್ರಕ, ಅಪಟೈಟ್‌ನಂಥ ಖನಿಜಗಳಿಂದ ಫ್ಲೋರೈಡನ್ನು ಎಳೆದುಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡಿನೊಡನೆ ಕೂಡಿ ಹರಳಾಗಿ ಬೇರ್ಪಡುತ್ತದೆ. ಹಾಗಾಗಿ ಫ್ಲೋರೈಡ್ ಒಂದು ಮಟ್ಟ ಮೀರಿ ಏರುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಬೈಕಾರ್ಬನೇಟ್ ಹೆಚ್ಚಿರುವ ನೀರಿಗೆ ಆ ತಡೆ ಇಲ್ಲ. ಸೋಪು ಚೆನ್ನಾಗಿ ನೊರೆಯುವುದೂ ಬೇಳೆ ಬೇಗ ಬೇಯುವುದೂ ಇಂಥ ಮೆದು ನೀರಿನಲ್ಲೇ! ಮೆದು ನೀರೆಲ್ಲ ಕೆಟ್ಟದ್ದೆಂದಲ್ಲ. ಮಳೆನೀರೂ ಮೆದುವೇ. ಆದರೆ ಅಡುಗೆಮನೆ ಕೊಟ್ಟ ಸರ್ಟಿಫಿಕೇಟು ಫ್ಲೋರೈಡಿನ ಮಟ್ಟಿಗೆ ನಡೆಯದು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಮೂಡುತ್ತದೆ. ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ವರ್ಷಾನುಗಟ್ಟಲೆ ಕುಡಿದರೆ ಬೆನ್ನು, ಮಂಡಿ, ಕೀಲುಗಳು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ದಟ್ಟವಾಗುತ್ತದೆ.

ಫಿಲ್ಟರ್ ಮಾರಲು ಬರುವವರ ಕೈಯಲ್ಲಿ ಟಿಡಿಎಸ್ ಪೆನ್ನು ಇರುತ್ತದೆ. ಅದು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು. ಅದರಿಂದ ಕರಗಿದ ಲವಣಗಳ ಒಟ್ಟು ಅಂದಾಜು ಸಿಗುತ್ತದೆ, ಅಷ್ಟೆ. 400 ಎಂದು ತೋರಿಸಿದ ನೀರಿನಲ್ಲಿ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೂ ಪೆನ್ನಿಗೆ ತಿಳಿಯದು, ಬ್ಯಾಕ್ಟೀರಿಯಾ ಇದ್ದರಂತೂ ತಿಳಿಯುವುದೇ ಇಲ್ಲ. ಕೆಲವರು ಎರಡು ಸರಳುಗಳನ್ನು ಲೋಟಕ್ಕೆ ಇಳಿಸಿ ಕರೆಂಟು ಹರಿಸಿ, ನೀರು ಕೆಂಪು ಕೆಸರಾಗುವುದನ್ನು ತೋರಿಸಿ ಹೆದರಿಸುತ್ತಾರೆ. ಆ ಕೆಸರು ಬಹುಪಾಲು ಸರಳಿನ ಕಬ್ಬಿಣದ ತುಕ್ಕು. ಇದನ್ನು ಪರೀಕ್ಷೆ ಎನ್ನುವುದಕ್ಕಿಂತ ಗಾರುಡಿ ವಿದ್ಯೆ ಎನ್ನಬಹುದು.

ಕರಾವಳಿಯ ತೆರೆದ ಬಾವಿಗಳ ಕಥೆ ಬೇರೆ. ಅಲ್ಲಿ ಫ್ಲೋರೈಡಿಗಿಂತ ಶೌಚಗುಂಡಿಯ ಚಿಂತೆ ದೊಡ್ಡದು. ಮುರಕಲ್ಲಿನ ತೂತುಗಳಲ್ಲಿ ಮಳೆಗಾಲದ ನೀರು ಬೇಗ ಹರಿಯುವುದರಿಂದ ಗುಂಡಿಯ ಕೊಳೆ ಬಾವಿ ಸೇರಲು ಹೆಚ್ಚು ಹೊತ್ತು ಬೇಡ. 100 ಮಿಲಿಲೀಟರ್ ನೀರಿನಲ್ಲಿ ಇ-ಕೊಲೈ ಒಂದೂ ಕಾಣಬಾರದು ಎಂಬುದು ನಿಯಮ. ಇದನ್ನು ಹಳ್ಳಿಯಲ್ಲೇ ಸ್ಥೂಲವಾಗಿ ತಿಳಿಯುವ ಅಗ್ಗದ ಉಪಾಯವೊಂದನ್ನು ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ಮಂಜ, ಮೌರ್ಯ ಮತ್ತು ರಾವ್ 1982ರಲ್ಲಿ ಪ್ರಕಟಿಸಿದರು. ಔಷಧ ಹೀರಿಸಿದ ಕಾಗದವಿರುವ ಪುಟ್ಟ ಬಾಟಲಿಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಡಬೇಕು. ಕರುಳಿನಲ್ಲಿರುವಂಥ ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಅದು ಕಾಗದದಲ್ಲಿರುವ ಕಬ್ಬಿಣದೊಡನೆ ಕೂಡಿದಾಗ ಒಂದೆರಡು ದಿನದಲ್ಲಿ ನೀರು ಕಪ್ಪಗಾಗುತ್ತದೆ. ಸಹಜವಾಗಿ ಸಲ್ಫೈಡ್ ಇರುವ ನೀರೂ ಕಪ್ಪಾಗಬಹುದಾದ್ದರಿಂದ ಕೊನೆಯ ತೀರ್ಮಾನ ಪ್ರಯೋಗಾಲಯದ್ದೇ.

ಮಾದರಿ ತೆಗೆಯುವುದರಲ್ಲೂ ಜಾಗ್ರತೆ ಬೇಕು. ಸಂಪಿನಿಂದಲೋ ಫಿಲ್ಟರಿನಿಂದಲೋ ಹಿಡಿದ ನೀರು ಬಾವಿಯ ಗುಣ ಹೇಳುವುದಿಲ್ಲ. ಮೋಟರನ್ನು ಕೆಲವು ನಿಮಿಷ ಓಡಿಸಿ, ಅದೇ ನೀರಿನಲ್ಲಿ ಕ್ಯಾನನ್ನು ಮೂರು ಸಲ ತೊಳೆದು ತುಂಬಿ. ರಾಸಾಯನಿಕ ಪರೀಕ್ಷೆಗೆ ಅಷ್ಟು ಸಾಕು. ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಕ್ರಿಮಿರಹಿತ ಬಾಟಲಿ ಬೇಕು. ಅದನ್ನು ತೊಳೆಯಬೇಡಿ, ಐಸಿನ ನಡುವೆ ಇಟ್ಟು ಅಂದೇ ತಲುಪಿಸಿ. ಬ್ಯಾಕ್ಟೀರಿಯಾ ಪರೀಕ್ಷೆಯನ್ನು ಪ್ರತಿವರ್ಷ ಮಳೆ ಹಿಡಿದ ಮೇಲೆ ಮಾಡಿಸಿ. ರಾಸಾಯನಿಕ ಪರೀಕ್ಷೆಯನ್ನು ಹೊಸ ಬೋರ್ ಕೊರೆಸಿದಾಗ, ಇದ್ದದ್ದನ್ನು ಇನ್ನೂ ಆಳ ಮಾಡಿಸಿದಾಗ ಮರೆಯಬೇಡಿ.

ಫಿಲ್ಟರ್ ಕೊಳ್ಳುವ ಮಾತು ಈ ವರದಿ ಬಂದ ಮೇಲೆ. ತಿಪ್ಪೆ, ಗೊಬ್ಬರ ಹಾಕಿದ ಹೊಲ, ಶೌಚಗುಂಡಿ ಹತ್ತಿರವಿದ್ದು ಮನೆಯಲ್ಲಿ ಬಾಟಲಿ ಹಾಲು ಕುಡಿಯುವ ಕೂಸಿದ್ದರೆ ನೈಟ್ರೇಟ್ ಅಂಕಿಯನ್ನು ಮೊದಲು ನೋಡಿ: 45 ಮಿಲಿಗ್ರಾಂ ಮೀರಿದ್ದರೆ ಆ ನೀರು, ಕುದಿಸಿದರೂ, ಕೂಸಿಗೆ ಬೇಡ.