ಮನೆಯ ಕಡೆಯ ಕೆಲಸಗಳು

ತಾರಸಿ ಮುಚ್ಚಿದೊಡನೆಯೇ ಗೃಹಪ್ರವೇಶದ ಮುಹೂರ್ತವನ್ನು ಗೊತ್ತುಮಾಡುವುದು ನಮ್ಮಲ್ಲಿ ವಾಡಿಕೆಯಷ್ಟೆ. ಆಮೇಲಿನ ಕೆಲಸಗಳೆಲ್ಲವೂ ಆ ದಿನಕ್ಕೆ ಅಂಜಿ ಅವಸರದಿಂದ ನಡೆಯುತ್ತವೆ. ಗಾರೆಯಾದರೋ ಪಂಚಾಂಗವನ್ನರಿಯದು.

ಸುಣ್ಣದ ಗಾರೆಯು ಕೇವಲ ನೀರಾರುವುದರಿಂದ ಗಟ್ಟಿಯಾಗುವುದಿಲ್ಲ. ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಸುಣ್ಣಕಲ್ಲಿನ ಸ್ವರೂಪಕ್ಕೆ ಬರಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಅಷ್ಟರೊಳಗೆ ಎಣ್ಣೆಬಣ್ಣ ಬಳಿದರೆ, ಹಸಿ ಗೋಡೆಯ ಕ್ಷಾರವು ಎಣ್ಣೆಯನ್ನು ಸಾಬೂನಾಗಿ ಮಾರ್ಪಡಿಸುತ್ತದೆ. ಹೊರಬರಲಾರದ ತೇವವು ಬಣ್ಣವನ್ನು ಬೊಬ್ಬೆಯೆಬ್ಬಿಸುತ್ತದೆ. ನೆಂಟರ ಮೆಚ್ಚಿಕೆಗೆಂದು ನಡುಮನೆಗೆ ಹಸುರು ಬಣ್ಣ ಬಳಿಸಿದ ನಾವೇ ಮೊದಲನೆಯ ಮಳೆಗಾಲದಲ್ಲಿ ಅದನ್ನು ಕೆರೆಸಬೇಕಾಯಿತು. ಮೊದಲ ವರ್ಷಕ್ಕೆ ಬರಿಯ ಸುಣ್ಣವೇ ಸಾಕು.

ಇನ್ನು ಕಿಟಕಿಗಳ ಸಜ್ಜ. ನಡುಹಗಲಿನ ಸೂರ್ಯನು ವರ್ಷವೆಲ್ಲ ತೆಂಕಣದಲ್ಲಿರುವನೆಂಬುದು ಇಂಗ್ಲೆಂಡಿಗೆ ಸಲ್ಲುವ ಮಾತು. ಮೈಸೂರು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ ಕಡೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಅವನು ನೆತ್ತಿಯಿಂದ ಬಡಗಣಕ್ಕೆ ವಾಲಿರುತ್ತಾನೆ. ಆದಕಾರಣ ಬಡಗಣ ಕಿಟಕಿಗೂ ಸಜ್ಜ ಬೇಕು. ಪಡುವಣ ಕಿಟಕಿಗೆ ಮಾತ್ರ ಅದೊಂದೇ ಸಾಲದು. ಸಂಜೆಯ ಇಳಿಬಿಸಿಲು ಅದರ ಕೆಳಗೇ ನುಸುಳುತ್ತದೆ. ಅಲ್ಲಿಗೆ ಬಿದಿರ ತಟ್ಟಿಯೋ, ಮುಚ್ಚಿಗೆಯುಳ್ಳ ಜಗಲಿಯೋ, ಒಂದು ಹೊಂಗೆಯ ಮರವೋ ಆಗಬೇಕು.

ತಾರಸಿಯ ಮೇಲೆ ಬೇಸಗೆಗೆ ಮುನ್ನ ಬಿಳಿಯ ಸುಣ್ಣ ಬಳಿಸಿದರೆ ಬಿಸಿಲಿನ ಬಹುಭಾಗ ಬಂದಂತೆಯೇ ಹಿಂದಿರುಗುತ್ತದೆ. ಮಳೆ ಅದನ್ನು ತೊಳೆದೊಯ್ಯುವುದು ನಿಜ. ಮರುವರ್ಷ ಮತ್ತೆ ಬಳಿಸತಕ್ಕದ್ದು. ಮುಂಬಾಗಿಲ ಕೆತ್ತನೆಗೆಂದು ತೆಗೆದಿಟ್ಟ ಹಣದಲ್ಲಿ ಈ ಕೆಲಸ ಎಷ್ಟೋ ಬೇಸಗೆಗಳವರೆಗೆ ನಡೆದೀತು.