ಯಾವ ನೈಂಟಿ, ಭಟ್ರೇ?

ತೀರ್ಥಹಳ್ಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನಿಂತು ‘ಒಂದು ನೈಂಟಿ ಕೊಡಿ’ ಅಂದರೆ ಪಕ್ಕದವರು ಒಮ್ಮೆ ತಿರುಗಿ ನೋಡುತ್ತಾರೆ. ನಾನು ಕೇಳುವುದು ಗೇರ್ ಆಯಿಲ್. ಡಬ್ಬಿಯ ಮೇಲೆ 80ಡಬ್ಲ್ಯು-90 ಎಂದೋ ಇಪಿ 90 ಎಂದೋ ಬರೆದಿರುತ್ತದೆ. ಗ್ಯಾರೇಜಿನವರ ನಾಲಿಗೆಯಲ್ಲಿ ಉಳಿಯುವುದು ಕೊನೆಯ ಅಂಕಿ ಮಾತ್ರ. ಆ ಅಂಕಿಯೊಂದನ್ನೇ ನಂಬಿ ನಾನು ಕೆಟ್ಟೆ.

ನನ್ನದು 2006ರ ಮಾರುತಿ ಓಮ್ನಿ. ಅಡಿಕೆ ಮೂಟೆ, ಗೊಬ್ಬರ, ಮದುವೆಮನೆಗೆ ಹೊರಟ ನೆಂಟರು, ಎಲ್ಲವನ್ನೂ ಹೊತ್ತಿದೆ. ಎಂಜಿನ್ ಮುಂದಿನ ಸೀಟಿನ ಅಡಿಗೆ, ತಿರುಗಿಸುವುದು ಹಿಂದಿನ ಚಕ್ರ. ಹಾಗಾಗಿ ಗೇರ್ ಆಯಿಲ್ ಕೇಳುವ ಹೊಟ್ಟೆ ಎರಡು: ಎಂಜಿನ್ನಿಗೆ ಅಂಟಿಕೊಂಡ ಗೇರ್ ಬಾಕ್ಸು, ಹಿಂದಿನ ಆಕ್ಸಲ್ ನಡುವೆ ಸೋರೆಬುರುಡೆಯಂತೆ ಉಬ್ಬಿದ ಡಿಫರೆನ್ಷಿಯಲ್ಲು. ಎರಡು ವರ್ಷದ ಹಿಂದೆ ಡಿಫರೆನ್ಷಿಯಲ್ಲಿಗೆಂದು ಜಿಎಲ್-5 ಎಂಬ ದರ್ಜೆಯ ಎಣ್ಣೆಯ ದೊಡ್ಡ ಡಬ್ಬಿ ತಂದೆ. ಅರ್ಧಕ್ಕಿಂತ ಹೆಚ್ಚು ಮಿಕ್ಕಿತು. ಗೇರ್ ಬಾಕ್ಸಿಗೆ ಹಾಕಬೇಕಾದದ್ದು ಜಿಎಲ್-4. ಅದೂ ನೈಂಟಿ, ಇದೂ ನೈಂಟಿ. ಐದು ಅಂದರೆ ನಾಲ್ಕಕ್ಕಿಂತ ಒಂದು ಕೈ ಮೇಲೆಯೇ ತಾನೆ? ಗಾಡಿಯ ಅಡಿಗೆ ನಾನೇ ಮಲಗಿ ಸುರಿದೆ.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಸೋಮೇಶ್ವರದಿಂದ ಹತ್ತುವಾಗ ಒಂದೊಂದರಲ್ಲೂ ಮೂರರಿಂದ ಎರಡಕ್ಕೆ ಇಳಿಸಲೇಬೇಕು. ಮೊದಮೊದಲು ಎರಡನೇ ಗೇರು ಒಂದು ಗಳಿಗೆ ಸತಾಯಿಸಿ ಬೀಳುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಪ್ರತಿ ತಿರುವಿನಲ್ಲೂ ‘ಕರ್‌ರ್’. ಹಿಂದಿನ ಸೀಟಿನಲ್ಲಿದ್ದ ನನ್ನವಳು ‘ಕಾಫಿಬೀಜ ಬೀಸ್ತಿದೀರಾ?’ ಅಂದಳು.

ಗ್ಯಾರೇಜಿನ ಸಾಬ್ರು ನಟ್ಟು ಬಿಚ್ಚಿ ಎಣ್ಣೆಯನ್ನು ಟ್ರೇಗೆ ಬಿಟ್ಟರು. ಬೆರಳಿಗೆ ಹಚ್ಚಿ ಮೂಸಿದರು.

‘ಭಟ್ರೇ, ಇದು ಹಿಂದಿನ ಆಯಿಲ್ ಅಲ್ವಾ? ಮುಂದಕ್ಕೆ ಯಾಕೆ ಹಾಕಿದ್ರಿ?’

ಬಿಚ್ಚಿ ತೋರಿಸಿದ ಮೇಲೆಯೇ ನನಗೆ ಅರ್ಥವಾದದ್ದು. ಗೇರ್ ಬಾಕ್ಸಿನಲ್ಲಿ ಸಿಂಕ್ರೊನೈಸರ್ ರಿಂಗುಗಳೆಂದು ಬಳೆಯಂಥವು ಇರುತ್ತವೆ. ಹೆಚ್ಚಾಗಿ ಹಿತ್ತಾಳೆಯವು, ಒಳಮೈಯಲ್ಲಿ ಸಣ್ಣ ಗೀರುಗಳು. ಓಡುವ ಬಸ್ಸು ಹತ್ತುವವನು ಅದರ ಜೊತೆ ನಾಲ್ಕು ಹೆಜ್ಜೆ ಓಡಿ ಆಮೇಲೆ ಕಂಬಿ ಹಿಡಿಯುತ್ತಾನಲ್ಲ, ಆ ನಾಲ್ಕು ಹೆಜ್ಜೆಯೇ ಈ ರಿಂಗು. ಗೇರಿನ ಶಂಕುವಿನಾಕಾರದ ಮೈಗೆ ಒತ್ತಿ, ಉಜ್ಜಿ, ಎರಡರ ವೇಗವನ್ನೂ ಸಮಕ್ಕೆ ತರುತ್ತದೆ. ಆಮೇಲೆ ಹಲ್ಲಿಗೆ ಹಲ್ಲು ಕೂರುತ್ತದೆ. ಅಂದರೆ ಎಣ್ಣೆಯಲ್ಲಿ ಮುಳುಗಿದ ಪೆಟ್ಟಿಗೆಯೊಳಗೆ ಈ ರಿಂಗೊಂದು ಘರ್ಷಣೆಯನ್ನೇ ನಂಬಿ ಬದುಕುತ್ತದೆ. ಎಣ್ಣೆ ಅತಿಯಾಗಿ ಜಾರಿದರೆ, ಪಾಚಿ ಕಟ್ಟಿದ ಅಂಗಳದಲ್ಲಿ ಬಸ್ಸಿನ ಹಿಂದೆ ಓಡಿದ ಹಾಗೆ.

ಡಿಫರೆನ್ಷಿಯಲ್ಲಿನ ಸಂಸಾರವೇ ಬೇರೆ. ಅಲ್ಲಿ ಪಿನಿಯನ್ ಎಂಬ ಚಿಕ್ಕ ಗೇರು ಕ್ರೌನ್ ವೀಲ್ ಎಂಬ ದೊಡ್ಡ ಗೇರಿನ ನಡುಮಟ್ಟಕ್ಕೆ ಬರುವುದಿಲ್ಲ, ಸ್ವಲ್ಪ ಕೆಳಗೆ ಕೂರುತ್ತದೆ. ಹೈಪಾಯ್ಡ್ ಎನ್ನುವುದು ಈ ಜೋಡಣೆಗೆ. 1920ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಪ್ಯಾಕರ್ಡ್ ಕಾರುಗಳಲ್ಲಿ ಬಂತು. ಪ್ರೊಪೆಲ್ಲರ್ ಶಾಫ್ಟು ಕೆಳಗಿಳಿದದ್ದರಿಂದ ಕಾರಿನ ನೆಲವೂ ಇಳಿಯಿತು. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಉದ್ದಕ್ಕೂ ಜಾರತೊಡಗಿದವು. ಆ ಒತ್ತಡಕ್ಕೆ ಬರಿಯ ಎಣ್ಣೆಯ ಪದರ ಹರಿದುಹೋಗುತ್ತದೆ. ಅದಕ್ಕೇ ಗಂಧಕ, ರಂಜಕದ ಸಂಯುಕ್ತಗಳನ್ನು ಬೆರೆಸುವುದು. ಕಾದ ಉಕ್ಕಿನ ಜೊತೆ ಅವು ಕೂಡಿ ಮೇಲೊಂದು ತೆಳು ಪೊರೆ ಕಟ್ಟುತ್ತವೆ. ಸವೆಯುವುದು ಆ ಪೊರೆ, ಹಲ್ಲು ಉಳಿಯುತ್ತದೆ. ಇಪಿ (ಎಕ್ಸ್‌ಟ್ರೀಮ್ ಪ್ರೆಷರ್) ಎಂಬ ಎರಡಕ್ಷರದ ಗುಟ್ಟು ಇಷ್ಟೇ. ಜಿಎಲ್-5ರಲ್ಲಿ ಈ ಮದ್ದು ಜಿಎಲ್-4ರ ಸುಮಾರು ಎರಡರಷ್ಟು.

ಆದರೆ ಗಂಧಕಕ್ಕೂ ತಾಮ್ರಕ್ಕೂ ಆಗಿಬರುವುದಿಲ್ಲ. ಹಿತ್ತಾಳೆಯಲ್ಲಿ ಹೆಚ್ಚಿನ ಪಾಲು ತಾಮ್ರವೇ. ಬಿಸಿಯಲ್ಲಿ ಅದು ಕಪ್ಪಿಟ್ಟು ಸವೆಯುತ್ತದೆ. ಎಣ್ಣೆ ಕಂಪನಿಗಳು ಇದನ್ನು ನೋಡಲು ತಿಕ್ಕಿ ಹೊಳೆಸಿದ ತಾಮ್ರದ ಪಟ್ಟಿಯನ್ನು ಕಾದ ಎಣ್ಣೆಯಲ್ಲಿ ಗಂಟೆಗಟ್ಟಲೆ ಮುಳುಗಿಸಿಟ್ಟು ಬಣ್ಣ ನೋಡುತ್ತವೆ. ಈಗಿನ ಕೆಲವು ಜಿಎಲ್-5 ಎಣ್ಣೆಗಳು ಆ ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾಗುತ್ತವೆ, ಎರಡು ಕಡೆಗೂ ಸಲ್ಲುವವೂ ಇವೆ. ಆದರೂ ಜಾರುವ ಗುಣದ ಪ್ರಶ್ನೆ ಹಾಗೇ ಉಳಿಯುತ್ತದೆ. ಗೇರ್ ಬಾಕ್ಸಿಗೆ ಜಿಎಲ್-4 ಎಂದು ಗಾಡಿಯ ಪುಸ್ತಕ ಹೇಳಿದ್ದರೆ ನಾನಂತೂ ಅದನ್ನೇ ಕೇಳಿ ತರುತ್ತೇನೆ. ಉಲ್ಟಾ ಮಾಡಿದರೆ ಇನ್ನೂ ಕಷ್ಟ: ಹೈಪಾಯ್ಡ್ ಡಿಫರೆನ್ಷಿಯಲ್ಲಿಗೆ ಜಿಎಲ್-4 ಹಾಕಿದರೆ ಕ್ರೌನ್ ಪಿನಿಯನ್ ಸವೆದು ಗುಂಯ್‌ಗುಡತೊಡಗುತ್ತದೆ, ಆ ರಿಪೇರಿಯ ಬಿಲ್ಲು ದೊಡ್ಡದು.

ಇನ್ನು ಆ 90. ಅದು ಎಣ್ಣೆ ಎಷ್ಟು ಮಂದ ಎನ್ನುವ ಲೆಕ್ಕ, ಬಲದ್ದಲ್ಲ. ಎಂಜಿನ್ ಆಯಿಲ್‌ನ 40, 50ಕ್ಕೆ ಹೋಲಿಸಿ ಹೆದರಬೇಕಿಲ್ಲ, ಅಳತೆಗೋಲೇ ಬೇರೆ. ಕಾದಾಗ ಎರಡೂ ಹೆಚ್ಚುಕಡಿಮೆ ಒಂದೇ ಹದ. ಮುಂದಿನ 75ಡಬ್ಲ್ಯು, 80ಡಬ್ಲ್ಯು ಚಳಿಯದು. 75ಡಬ್ಲ್ಯು ಮೈನಸ್ 40 ಡಿಗ್ರಿಗೆ ಪರೀಕ್ಷೆ ಪಾಸಾದ ಎಣ್ಣೆ. ಡಿಸೆಂಬರಿನ ಬೆಳಗ್ಗೆ ನಮ್ಮಲ್ಲಿ ಗೇರು ಕೊಂಚ ಹಗುರವಾಗಿ ಬಿದ್ದೀತು, ಅಷ್ಟೆ.

ಆಲ್ಟೊ, ಸ್ವಿಫ್ಟ್‌ಗಳಂತೆ ಮುಂದಿನ ಚಕ್ರ ಓಡಿಸುವ ಕಾರಿನವರಿಗೆ ಈ ತಾಪತ್ರಯವಿಲ್ಲ. ಅಲ್ಲಿ ಡಿಫರೆನ್ಷಿಯಲ್ಲು ಗೇರ್ ಬಾಕ್ಸಿನ ಹೊಟ್ಟೆಯಲ್ಲೇ ಇದೆ, ಹೈಪಾಯ್ಡ್ ಹಲ್ಲೂ ಇಲ್ಲ, ಎಣ್ಣೆ ಒಂದೇ. ಕೆಲವು ಕಂಪನಿಗಳು ತೀರಾ ತೆಳುವಾದ ತಮ್ಮದೇ ಎಣ್ಣೆ ಹೇಳುತ್ತವೆ, ಅಲ್ಲಿ ನೈಂಟಿಯೇ ತಪ್ಪು.

ಸಾಬ್ರಿಂದ ಕಲಿತ ಇನ್ನೊಂದು: ಹಳೇ ಎಣ್ಣೆ ಬಿಡುವ ಮೊದಲು ಮೇಲಿನ, ತುಂಬುವ ನಟ್ಟು ಬಿಚ್ಚುತ್ತದೆಯೇ ನೋಡಬೇಕು. ಕೆಳಗಿನದು ಖಾಲಿ ಮಾಡಿ ಮೇಲಿನದು ತುಕ್ಕು ಹಿಡಿದು ಕೂತರೆ ಗಾಡಿ ಅಲ್ಲೇ ಠಿಕಾಣಿ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ತುಂಬುವ ತೂತಿನ ಕೆಳ ಅಂಚಿಗೆ ಎಣ್ಣೆ ಬಂದು ಹೊರಗೆ ತೊಟ್ಟಿಕ್ಕಿದರೆ ಅಳತೆ ಸರಿ. ಹೊರಬಂದ ಎಣ್ಣೆ ಹಾಲುಹಾಲಾಗಿದ್ದರೆ ನೀರು ಸೇರಿದೆ. ಹಳ್ಳ ದಾಟುವ ನಮ್ಮ ಕಡೆಯ ಗಾಡಿಗಳಲ್ಲಿ ಇದು ಮಾಮೂಲು. ಕಾದ ಆಕ್ಸಲ್ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳುತ್ತದೆ.

‘ರಿಂಗು ಮೊದಲೇ ಸವೆದಿತ್ತು, ಉಳಿದದ್ದನ್ನ ನಿಮ್ಮ ಎಣ್ಣೆ ಮುಗಿಸ್ತು’ ಎಂದು ಸಾಬ್ರು ನನ್ನ ಮಾನ ಸ್ವಲ್ಪ ಉಳಿಸಿದರು. ಹಳೇ ರಿಂಗು ಕೈಗೆ ಕೊಟ್ಟರು. ಉಗುರಿನಿಂದ ತಡವಿದರೆ ಗೀರು ಸಿಗಲಿಲ್ಲ, ಒಳಮೈ ನುಣ್ಣಗೆ ಹೊಳೆಯುತ್ತಿತ್ತು. ಮಿಕ್ಕ ಡಬ್ಬಿ ಕೊಟ್ಟಿಗೆಯ ಅಟ್ಟದಲ್ಲಿದೆ. ಅದರ ಮೇಲೆ ಸುಣ್ಣದಲ್ಲಿ ‘ಹಿಂದಕ್ಕೆ ಮಾತ್ರ’ ಎಂದು ಬರೆದಿದ್ದೇನೆ.