ಇನ್ನೂರು ಮೀಟರಿನ ವಿಮಾನ ನಿಲ್ದಾಣ

ರಜೆಯಲ್ಲಿ ಗೋವೆಗೆ ಹೋಗುವವರು ಸಾಮಾನ್ಯವಾಗಿ ಕಡಲತೀರ, ದೇವಾಲಯ, ಚರ್ಚುಗಳನ್ನು ನೋಡಿ ಹಿಂದಿರುಗುತ್ತಾರೆ. ವಿಜ್ಞಾನದಲ್ಲಿ ಆಸಕ್ತಿ ಇರುವವರು ಇನ್ನೊಂದು ದಿನವನ್ನು ಉಳಿಸಿಕೊಳ್ಳುವುದು ಒಳ್ಳೆಯದು. ದಾಬೋಲಿಮ್ ವಿಮಾನ ನಿಲ್ದಾಣದ ಸಮೀಪ, ಬೋಗ್ಮಾಲೊ ರಸ್ತೆಯಲ್ಲಿ, ನಮ್ಮ ನೌಕಾಪಡೆಯ ವಾಯುಯಾನ ವಸ್ತುಸಂಗ್ರಹಾಲಯವಿದೆ. ಇದು 1998ರಲ್ಲಿ ಆರಂಭವಾಯಿತು. ನೌಕಾಪಡೆಯಿಂದ ನಿವೃತ್ತಿಯಾದ ಸೀ ಹಾಕ್, ಅಲಿಜೆ, ಸೀ ಹ್ಯಾರಿಯರ್ ಮುಂತಾದ ವಿಮಾನಗಳನ್ನು ಇಲ್ಲಿ ಹತ್ತಿರದಿಂದ ನೋಡಬಹುದು.

ನೋಡುಗರ ಕಣ್ಣು ಮೊದಲು ಹೋಗುವುದು ಬಂದೂಕು, ಬಾಂಬುಗಳ ಕಡೆಗೆ. ಆದರೆ ಭೌತವಿಜ್ಞಾನದ ದೃಷ್ಟಿಯಿಂದ ಹೆಚ್ಚು ಕುತೂಹಲಕರವಾದುದು ಸೀ ಹಾಕ್‌ನ ಬಾಲದ ಕೆಳಗಿರುವ ಒಂದು ಉಕ್ಕಿನ ಕೊಕ್ಕೆ. ಅಲಿಜೆಗೂ ಅಂಥದೇ ಕೊಕ್ಕೆಯುಂಟು. ನೆಲದ ಮೇಲಿನ ರನ್‌ವೇಗಳನ್ನೇ ಬಳಸುವ ಹೆಚ್ಚಿನ ವಿಮಾನಗಳಿಗೆ ಇಲ್ಲದ ಈ ಕೊಕ್ಕೆ ಇಲ್ಲಿ ಏಕೆ ಬೇಕಾಯಿತು?

ಬ್ರೇಕು ಸಾಲದು

1961ರಲ್ಲಿ ನೌಕಾಪಡೆಗೆ ಸೇರಿದ ವಿಕ್ರಾಂತ ನಮ್ಮ ಮೊದಲ ವಿಮಾನವಾಹಕ ಹಡಗು. ಅದರ ಉದ್ದ ಸುಮಾರು 213 ಮೀಟರ್. ಒಂದು ಜೆಟ್ ವಿಮಾನವು ಗಂಟೆಗೆ 216 ಕಿ.ಮೀ., ಅಂದರೆ ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಇಳಿಯುತ್ತದೆ ಎಂದುಕೊಳ್ಳೋಣ. ಚಕ್ರದ ಬ್ರೇಕಿನಿಂದ ಅದರ ವೇಗವು ಪ್ರತಿ ಸೆಕೆಂಡಿಗೆ 5 ಮೀಟರಿನಂತೆ ಕುಗ್ಗಲಿ. ನಿಲ್ಲಲು ಬೇಕಾದ ದೂರವನ್ನು ತಿಳಿಯಲು ವೇಗದ ವರ್ಗವನ್ನು, ಅಂದರೆ 3600ನ್ನು, ಈ 5ರ ಎರಡರಷ್ಟರಿಂದ ಭಾಗಿಸಬೇಕು. ಉತ್ತರ 360 ಮೀಟರ್. ಹಡಗು ಮುಗಿದ ಮೇಲೂ ವಿಮಾನ ನಿಂತಿರುವುದಿಲ್ಲ!

ಇದಕ್ಕೆ ಮೊದಲ ಪರಿಹಾರ ಗಾಳಿ. ವಿಮಾನದ ರೆಕ್ಕೆಗೆ ಬೇಕಾದುದು ಗಾಳಿಗೆ ಸಾಪೇಕ್ಷವಾದ ವೇಗ. ಬ್ರೇಕು ಕುಗ್ಗಿಸಬೇಕಾದುದು ಹಡಗಿಗೆ ಸಾಪೇಕ್ಷವಾದ ವೇಗ. ಎದುರುಗಾಳಿ ಸೆಕೆಂಡಿಗೆ 5 ಮೀಟರ್ ಬೀಸುತ್ತಿದ್ದು, ಹಡಗು ಅದಕ್ಕೆ ಎದುರಾಗಿ 10 ಮೀಟರ್ ವೇಗದಲ್ಲಿ ಸಾಗಿದರೆ, ಹಡಗಿನ ದೃಷ್ಟಿಯಿಂದ ವಿಮಾನದ ವೇಗ 60ರ ಬದಲು 45 ಆಗುತ್ತದೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತೀಯವಾದ್ದರಿಂದ, ವೇಗದಲ್ಲಿ ಕಾಲು ಭಾಗ ಕಡಿಮೆಯಾದರೆ ಕಳೆಯಬೇಕಾದ ಚಲನಶಕ್ತಿ ಶೇಕಡ 44ರಷ್ಟು ಕಡಿಮೆಯಾಗುತ್ತದೆ. ವಿಮಾನಗಳು ಹಾರುವಾಗ, ಇಳಿಯುವಾಗ ಹಡಗು ಗಾಳಿಗೆ ಮುಖಮಾಡುವುದು ಇದಕ್ಕಾಗಿಯೇ.

ಆದರೂ ಬ್ರೇಕಿನಿಂದ ನಿಲ್ಲಲು ಇನ್ನೂ 200 ಮೀಟರಿಗಿಂತ ತುಸು ಹೆಚ್ಚು ಬೇಕು. ಕೊಕ್ಕೆಯ ಕೆಲಸ ಇಲ್ಲಿದೆ. ಹಡಗಿನ ಅಟ್ಟದ ಮೇಲೆ ಅಡ್ಡಲಾಗಿ ಉಕ್ಕಿನ ಹಗ್ಗಗಳನ್ನು ಕಟ್ಟಿರುತ್ತಾರೆ. ಕೊಕ್ಕೆ ಒಂದು ಹಗ್ಗವನ್ನು ಹಿಡಿದಾಗ, ಅದು ರಾಟೆಗಳ ಮೂಲಕ ಕೆಳಗಿನ ಕೊಳವೆಯಲ್ಲಿರುವ ದ್ರವವನ್ನು ಕಿರಿದಾದ ರಂಧ್ರದಿಂದ ಒತ್ತಿ ನೂಕುತ್ತದೆ. ವಿಮಾನದ ಚಲನಶಕ್ತಿ ಹೀಗೆ ಶಾಖವಾಗಿ ಮಾರ್ಪಡುತ್ತದೆ. 50 ಮೀಟರಿನಲ್ಲಿ ನಿಲ್ಲಿಸಬೇಕಾದರೆ, 6 ಟನ್ ತೂಕದ ವಿಮಾನದ ಮೇಲೆ ಹಗ್ಗವು ಸುಮಾರು 12 ಟನ್ ಭಾರಕ್ಕೆ ಸಮನಾದ ಬಲವನ್ನು ಹಾಕಬೇಕು. ಎಲ್ಲ ಮುಗಿಯಲು ಎರಡು ಸೆಕೆಂಡಿಗೆ ತುಸು ಹೆಚ್ಚು ಸಮಯ ಸಾಕು.

ಕೊಕ್ಕೆ ಹಗ್ಗವನ್ನು ತಪ್ಪಿಸಿದರೆ? ಅದಕ್ಕಾಗಿ ಪೈಲಟ್ ಚಕ್ರ ತಾಗಿದೊಡನೆ ಎಂಜಿನನ್ನು ತಗ್ಗಿಸುವುದಿಲ್ಲ, ಪೂರ್ಣವಾಗಿ ತೆರೆಯುತ್ತಾನೆ. ಹಗ್ಗ ಸಿಕ್ಕಿತೆಂದು ಖಚಿತವಾದ ಮೇಲಷ್ಟೆ ತಗ್ಗಿಸುತ್ತಾನೆ. ಇಳಿಯುವ ಪಥವನ್ನು ಹಡಗಿನ ಉದ್ದಕ್ಕೆ ತುಸು ಓರೆಯಾಗಿ ಇಟ್ಟಿರುವುದರಿಂದ, ಮುಂದೆ ನಿಂತ ವಿಮಾನಗಳಿಗೆ ಬಡಿಯದೆ ಮತ್ತೆ ಹಾರಿಹೋಗಲು ಅವಕಾಶವಿರುತ್ತದೆ.

ಬಾಯ್ಲರ್ ಬಿರುಕು ಬಿಟ್ಟಾಗ

ಹಾರುವುದೂ ಅಷ್ಟೇ ಕಷ್ಟ. ಸೀ ಹಾಕ್‌ನ ಎಂಜಿನ್ನಿನ ನೂಕುಬಲ ಸುಮಾರು 24 ಸಾವಿರ ನ್ಯೂಟನ್. 7 ಟನ್ ತೂಗುವ ವಿಮಾನಕ್ಕೆ ಅದು ಕೊಡುವ ವೇಗೋತ್ಕರ್ಷದಲ್ಲಿ, ಮೇಲೆ ಹೇಳಿದ ಎದುರುಗಾಳಿಯ ನೆರವಿದ್ದರೂ 300 ಮೀಟರಿನಷ್ಟು ಓಟ ಬೇಕು. ಆದ್ದರಿಂದ ವಿಕ್ರಾಂತದಲ್ಲಿ ಹಬೆಯ ಕವಣೆ ಇತ್ತು. ಅಟ್ಟದ ಅಡಿಯ ಕೊಳವೆಯಲ್ಲಿ ಹಬೆಯ ಒತ್ತಡದಿಂದ ಧಾವಿಸುವ ಕೊಂತವು ವಿಮಾನವನ್ನು ಎಳೆದು ಎಸೆಯುತ್ತಿತ್ತು.

1971ರ ಯುದ್ಧದ ಸಮಯದಲ್ಲಿ ವಿಕ್ರಾಂತದ ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಹಡಗಿಗೆ ಪೂರ್ಣ ವೇಗ ಸಾಧ್ಯವಿರಲಿಲ್ಲ. ನಮ್ಮ ಲೆಕ್ಕದಲ್ಲಿ ಹಡಗಿನ ವೇಗ ಸೆಕೆಂಡಿಗೆ 4 ಮೀಟರ್ ಕಡಿಮೆಯಾದರೆ, ಅಟ್ಟದ ಮೇಲೆ ವಿಮಾನಕ್ಕೆ ಸುಮಾರು ಶೇಕಡ 19ರಷ್ಟು ಹೆಚ್ಚು ಚಲನಶಕ್ತಿ ಕೊಡಬೇಕಾಗುತ್ತದೆ. ಕವಣೆಗೆ ಹಬೆ ಒದಗಿಸುವುದೂ ಬಾಯ್ಲರುಗಳೇ. ಇಂಥ ಸ್ಥಿತಿಯಲ್ಲಿಯೇ 1971ರ ಡಿಸೆಂಬರ್ 4ರಂದು ಸೀ ಹಾಕ್‌ಗಳು ಅದರ ಮೇಲಿಂದ ಹಾರಿ ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್‌ಗಳ ಮೇಲೆ ದಾಳಿ ಮಾಡಿದವು.

ಇಳಿಜಾರಲ್ಲ, ಏರುಜಾರು

ಸೀ ಹ್ಯಾರಿಯರ್‌ನ ಉತ್ತರವೇ ಬೇರೆ. ಅದರ ಎಂಜಿನ್ನಿನ ನಾಲ್ಕು ಮೂತಿಗಳನ್ನು ಕೆಳಕ್ಕೆ ತಿರುಗಿಸಬಹುದು. ಹಗುರವಾಗಿದ್ದಾಗ ಅದು ನೇರವಾಗಿ ಕೆಳಗಿಳಿಯುತ್ತದೆ, ಹಗ್ಗ ಬೇಡ. ಆದರೆ ಪೂರ್ಣ ಹೊರೆಯಲ್ಲಿ ಅದರ ತೂಕ ಸುಮಾರು 116 ಸಾವಿರ ನ್ಯೂಟನ್, ಎಂಜಿನ್ನಿನ ನೂಕುಬಲ ಸುಮಾರು 95 ಸಾವಿರ. ಆಗ ನೇರವಾಗಿ ಮೇಲೇರಲಾಗದು.

ಬ್ರಿಟಿಷ್ ನೌಕಾಪಡೆಯ ಡಗ್ ಟೇಲರ್ 1970ರ ದಶಕದಲ್ಲಿ ಸೂಚಿಸಿದ ಪರಿಹಾರ ಸರಳ: ಅಟ್ಟದ ತುದಿಯನ್ನು ಮೇಲಕ್ಕೆ ಬಾಗಿಸಿ. ವಿಮಾನವು 10 ಡಿಗ್ರಿ ಏರಿನಿಂದ ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಹೊರಟರೆ, ಅದಕ್ಕೆ ಸುಮಾರು 7 ಮೀಟರ್ ಊರ್ಧ್ವ ವೇಗ ಸಿಗುತ್ತದೆ. ರೆಕ್ಕೆ ಮತ್ತು ಮೂತಿಗಳು ತೂಕದ ಮುಕ್ಕಾಲು ಭಾಗವನ್ನಷ್ಟೇ ಹೊತ್ತರೂ, ಅದು ಮೇಲೇರಿ ಮತ್ತೆ ಹೊರಟ ಮಟ್ಟಕ್ಕೆ ಬರಲು ಐದು ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರೊಳಗೆ ಎಂಜಿನ್ ವೇಗವನ್ನು ಹೆಚ್ಚಿಸಿ ಉಳಿದ ಭಾರವನ್ನು ರೆಕ್ಕೆಗೆ ಹೊರಿಸುತ್ತದೆ. ರನ್‌ವೇಯ ಕೊರತೆಯನ್ನು ಆಕಾಶದಲ್ಲಿ ತುಂಬಿಕೊಂಡಂತೆ! ವಿಕ್ರಾಂತಕ್ಕೆ 1980ರ ದಶಕದ ಕೊನೆಗೆ ಇಂಥ ಏರನ್ನು ಜೋಡಿಸಲಾಯಿತು.

ಸೀ ಹ್ಯಾರಿಯರ್‌ಗಳು 2016ರಲ್ಲಿ ನಿವೃತ್ತಿಯಾದವು. ಸಮಸ್ಯೆ ಮಾತ್ರ ಹಾಗೆಯೇ ಇದೆ. ಬೆಂಗಳೂರಿನಲ್ಲಿ ವಿನ್ಯಾಸಗೊಂಡ ಹಗುರ ಯುದ್ಧವಿಮಾನದ ಪ್ರಾಯೋಗಿಕ ನೌಕಾ ರೂಪವು 2020ರ ಜನವರಿ 11ರಂದು ವಿಕ್ರಮಾದಿತ್ಯ ಹಡಗಿನ ಮೇಲೆ ಮೊದಲ ಬಾರಿಗೆ ಇಳಿಯಿತು. ಅದು ಹಾರಲು ಬಳಸುವುದು ಬಾಗಿದ ಏರನ್ನು, ಇಳಿಯಲು ಬಳಸುವುದು ಅದೇ ಹಳೆಯ ಕೊಕ್ಕೆ ಮತ್ತು ಹಗ್ಗವನ್ನು. ಪ್ರೌಢಶಾಲೆಯಲ್ಲಿ ಕಲಿಸುವ ಚಲನೆಯ ಸಮೀಕರಣವೊಂದನ್ನು ಕೈಯಲ್ಲಿ ಹಿಡಿದು ಮಕ್ಕಳನ್ನು ಈ ಸಂಗ್ರಹಾಲಯಕ್ಕೆ ಕರೆದೊಯ್ದರೆ, ಪ್ರತಿಯೊಂದು ವಿಮಾನದ ಆಕಾರಕ್ಕೂ ಕಾರಣವನ್ನು ಅವರೇ ಹೇಳಬಲ್ಲರು.